ದಿಯುಗೆ ಹೊರಡುವ ಮುನ್ನ ಸಮುದ್ರದ ವೇಳಾಪಟ್ಟಿ ನೋಡಿ

ದೀಪಾವಳಿಗೆ ಸೂರತ್ತಿನ ಜವಳಿ ಮಾರುಕಟ್ಟೆಗಳು ಬಾಗಿಲು ಹಾಕುತ್ತಿದ್ದಂತೆ ಅದೇ ಊರಿನ ಉಧ್ನಾದ ಓಣಿಗಳೂ ಖಾಲಿಯಾಗತೊಡಗುತ್ತವೆ. ಮಗ್ಗದ ಶೆಡ್ಡು, ಬಣ್ಣ ಹಾಕುವ ಕಾರ್ಖಾನೆ, ವಜ್ರದ ಘಟಕ ಎಲ್ಲವೂ ಒಟ್ಟೊಟ್ಟಿಗೆ ರಜೆ ಪಡೆಯುವ ಊರು ಇದು. ಇಲ್ಲಿನ ಕನ್ನಡಿಗರಲ್ಲಿ ಮಂಗಳೂರು, ಉಡುಪಿ ಕಡೆಗೆ ಟಿಕೆಟ್ ಸಿಕ್ಕವರು ಊರಿಗೆ ಹೋಗುತ್ತಾರೆ. ಸಿಗದವರು ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಜಾಗಗಳಲ್ಲಿ ದಿಯು ಮೊದಲ ಸಾಲಿನದು. ಅಲ್ಲಿ ನೀಲಿ ನೀರಿದೆ, ಕವಲೊಡೆದ ತಾಳೆಮರಗಳಿವೆ, ಪೋರ್ಚುಗೀಸರ ಕೋಟೆ ಇದೆ. ಇಡೀ ದ್ವೀಪ ನಲವತ್ತು ಚದರ ಕಿಲೋಮೀಟರಿಗಿಂತ ದೊಡ್ಡದಲ್ಲ.

ಇಷ್ಟೆಲ್ಲ ಇದ್ದೂ ಅನೇಕರು ಬೇಸರದಿಂದಲೇ ಮರಳುತ್ತಾರೆ. ರಾತ್ರಿಯಿಡೀ ಪ್ರಯಾಣ ಮಾಡಿ ಮಧ್ಯಾಹ್ನ ತಲುಪಿ, ಉರಿಬಿಸಿಲಿನಲ್ಲಿ ಕೋಟೆ ಸುತ್ತಿ ಸುಸ್ತಾಗುತ್ತಾರೆ. ಅಲೆಗಳು ಲಿಂಗಗಳನ್ನು ತೊಳೆಯುವ ಗಂಗೇಶ್ವರಕ್ಕೆ ಹೋದಾಗ ನೀರು ದೂರ ಸರಿದಿರುತ್ತದೆ, ಬರೀ ಒದ್ದೆ ಬಂಡೆ ಕಾಣುತ್ತದೆ. ನೀರಿನ ನಡುವಿನ ಪಾನಿಕೋಠಾ ಕೋಟೆಗೆ ಈಗ ದೋಣಿ ಬಿಡುವುದಿಲ್ಲ ಎನ್ನುತ್ತಾರೆ. ನಾಗೋವಾ ದಂಡೆಯಲ್ಲಿ ಮಕ್ಕಳು ನೀರಿಗಿಳಿಯುವ ಹೊತ್ತಿಗೆ ಸರಿಯಾಗಿ ಇಳಿತ ಶುರುವಾಗಿ ಜೀವರಕ್ಷಕರ ಸೀಟಿ ಕೇಳುತ್ತದೆ. ಇದರಲ್ಲಿ ದಿಯುವಿನ ತಪ್ಪೇನೂ ಇಲ್ಲ. ಪ್ರವಾಸದ ಪಟ್ಟಿಯನ್ನು ಹೋಟೆಲಿನ ಚೆಕ್‌ಇನ್ ವೇಳೆಗೆ ಹೊಂದಿಸಿದ್ದೇ ತಪ್ಪು. ದಿಯುವಿನಲ್ಲಿ ನೋಡಬೇಕಾದ ಹೆಚ್ಚಿನವು ಉಬ್ಬರ ಇಳಿತಗಳ ಲೆಕ್ಕದ ಮೇಲೆ ನಿಂತಿವೆ. ಆ ಲೆಕ್ಕ ಕಷ್ಟದ್ದಲ್ಲ. ಮನೆಯ ಗೋಡೆಯಲ್ಲಿ ತೂಗುವ ಪಂಚಾಂಗವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಡುಮಸ್ ಕಪ್ಪು, ದಿಯು ನೀಲಿ: ಕಾರಣವೇನು?

ಉಧ್ನಾದವರಿಗೆ ಸಮುದ್ರವೆಂದರೆ ಡುಮಸ್ ಅಥವಾ ಸುವಾಲಿ. ಅಲ್ಲಿ ಕಾಣುವುದು ಕಪ್ಪು ಮರಳು, ಕಂದು ನೀರು, ಇಳಿತದ ವೇಳೆಯಲ್ಲಿ ಕಣ್ಣಿಗೆಟಕುವವರೆಗೂ ಕೆಸರು. ಇದೇ ಅರಬ್ಬಿ ಸಮುದ್ರ ದಿಯುವಿನಲ್ಲಿ ತಿಳಿನೀಲಿಯಾಗಿರಲು ಕಾರಣ ಖಂಭಾತ್ ಕೊಲ್ಲಿಯ ಆಕಾರ. ಕೊಲ್ಲಿ ಲಾಳಿಕೆಯ ಹಾಗೆ ದಕ್ಷಿಣದಲ್ಲಿ ಅಗಲ, ಉತ್ತರಕ್ಕೆ ಹೋದಂತೆ ಕಿರಿದು. ಒಳನುಗ್ಗುವ ಉಬ್ಬರದ ನೀರಿಗೆ ಹರಡಲು ಜಾಗವಿಲ್ಲದೆ ಮೇಲಕ್ಕೇರುತ್ತದೆ. ಭಾವನಗರದ ಬಳಿ ದೊಡ್ಡ ಉಬ್ಬರದ ದಿನಗಳಲ್ಲಿ ಏರಿಳಿತ 10 ಮೀಟರ್ ದಾಟುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚಿನ ಏರಿಳಿತಗಳಲ್ಲಿ ಅದೂ ಒಂದು. ತಾಪಿ, ನರ್ಮದಾ, ಮಾಹಿ, ಸಾಬರಮತಿ ನದಿಗಳು ತಂದು ಸುರಿಯುವ ಹೂಳನ್ನು ಈ ಸೆಳೆತ ದಿನಕ್ಕೆರಡು ಬಾರಿ ಕಲಕುತ್ತದೆ. ಸೂರತ್ತಿನ ಕಡೆ ನೀರು ತಿಳಿಯಾಗುವುದೇ ಇಲ್ಲ.

ದಿಯು ಇರುವುದು ಸೌರಾಷ್ಟ್ರದ ದಕ್ಷಿಣ ತುದಿಯಲ್ಲಿ, ತೆರೆದ ಕಡಲಿಗೆ ಮುಖ ಮಾಡಿ. ಅಲ್ಲಿ ದೊಡ್ಡ ನದಿಯೂ ಇಲ್ಲ, ಲಾಳಿಕೆಯ ಒತ್ತಡವೂ ಇಲ್ಲ. ಏರಿಳಿತ ಎರಡು-ಮೂರು ಮೀಟರಿನ ಆಸುಪಾಸು. ಕರಾವಳಿ ಕರ್ನಾಟಕದಲ್ಲಿ ಕಂಡದ್ದಕ್ಕಿಂತ ಹೆಚ್ಚು, ಡುಮಸ್‌ನಲ್ಲಿ ಕಂಡದ್ದಕ್ಕಿಂತ ಬಹಳ ಕಡಿಮೆ. ಮಲ್ಪೆಯಲ್ಲಿ ಬೆಳೆದವರು ಇದನ್ನು ಹಗುರಾಗಿ ಎಣಿಸಬಾರದು. ಡುಮಸ್ ಕಂಡು ಹೆದರಿದವರು ಇಲ್ಲಿಯೂ ಅಷ್ಟೇ ಹೆದರಬೇಕಾಗಿಲ್ಲ.

ಚೌಕ್ ಬಜಾರಿನಲ್ಲೇ ಅರ್ಧ ಕಥೆ

ಇತಿಹಾಸದ ಪಾಠ ದಿಯು ಕೋಟೆಯ ಬಾಗಿಲಲ್ಲಿ ಶುರುವಾಗಬೇಕಾಗಿಲ್ಲ. ಹೊರಡುವ ಒಂದು ವಾರ ಮುಂಚೆ ಸೂರತ್ತಿನ ಚೌಕ್ ಬಜಾರಿನಲ್ಲಿ ತಾಪಿ ದಂಡೆಯ ಕೋಟೆಯನ್ನು ಒಮ್ಮೆ ನೋಡಿ ಬನ್ನಿ. ಜೀರ್ಣೋದ್ಧಾರಗೊಂಡ ಆ ಕೋಟೆ ಈಗ ವಸ್ತುಸಂಗ್ರಹಾಲಯ. ಪೋರ್ಚುಗೀಸರು ಸೂರತ್ತಿನ ಮೇಲೆ ಮತ್ತೆ ಮತ್ತೆ ದಾಳಿ ಮಾಡುತ್ತಿದ್ದುದರಿಂದ ಗುಜರಾತಿನ ಸುಲ್ತಾನ ಮೂರನೇ ಮಹಮೂದ್ ಅದನ್ನು ಕಟ್ಟಿಸಿದ. ಕಟ್ಟಿಸುವ ಹೊಣೆ ಹೊತ್ತವನು ಖುದಾವಂದ್ ಖಾನ್ ಎಂಬ ಬಿರುದಿನ ಖ್ವಾಜಾ ಸಫರ್. ಅವನೇ 1546ರಲ್ಲಿ ದಿಯು ಕೋಟೆಗೆ ಮುತ್ತಿಗೆ ಹಾಕಿ, ಫಿರಂಗಿ ಗುಂಡಿಗೆ ಬಲಿಯಾದ. ಎರಡು ಕೋಟೆಗಳು ಒಂದನ್ನೊಂದು ನೋಡಿ ಬೆಳೆದವು ಎಂದರೆ ತಪ್ಪಲ್ಲ.

ಉಳಿದದ್ದು ಚುಟುಕಾಗಿ: 1509ರ ಫೆಬ್ರವರಿಯಲ್ಲಿ ದಿಯು ಬಳಿಯ ಕಡಲಕಾಳಗದಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡನ ಪಡೆ ಈಜಿಪ್ಟಿನ ಮಾಮ್ಲೂಕರು, ಗುಜರಾತ್ ಸುಲ್ತಾನ, ಕಲ್ಲಿಕೋಟೆಯ ಸಾಮೂದಿರಿ ಇವರ ಕೂಟವನ್ನು ಸೋಲಿಸಿತು. 1535ರಲ್ಲಿ ಮೊಘಲ ಹುಮಾಯೂನನಿಂದ ಕಂಗೆಟ್ಟ ಬಹಾದುರ್ ಶಾ ಪೋರ್ಚುಗೀಸರಿಗೆ ಕೋಟೆ ಕಟ್ಟಲು ಒಪ್ಪಿದ. ಎರಡೇ ವರ್ಷದಲ್ಲಿ ಅವರ ಹಡಗಿಗೆ ಹೋಗಿ ಮರಳುವಾಗ ಕೊಲೆಯಾದ. 1538ರಲ್ಲಿ ಆಟೊಮನ್ ತುರ್ಕರ ಮುತ್ತಿಗೆ, 1546ರಲ್ಲಿ ಗುಜರಾತಿನ ಮುತ್ತಿಗೆ, ಎರಡೂ ವಿಫಲ. ಮುಂದೆ ದಿಯುವಿನ ಬನಿಯಾ ವರ್ತಕರು ಗುಜರಾತಿನ ಬಟ್ಟೆಯನ್ನು ಮೊಜಾಂಬಿಕ್‌ವರೆಗೆ ಸಾಗಿಸಿದರು. ಜವಳಿಯಿಂದ ಹೊಟ್ಟೆ ಹೊರೆಯುವ ಉಧ್ನಾದವರಿಗೆ ಈ ಮಾತು ಹೆಚ್ಚು ಹಿಡಿಸೀತು. 1961ರ ಡಿಸೆಂಬರ್ 19ರಂದು ದಿಯು ಭಾರತದ ಕೈಗೆ ಬಂತು. 2020ರ ಜನವರಿ 26ರಿಂದ ಅದು ದಾದ್ರಾ ಮತ್ತು ನಗರ್ ಹವೇಲಿ ಹಾಗೂ ದಮನ್ ಮತ್ತು ದಿಯು ಎಂಬ ಒಂದೇ ಕೇಂದ್ರಾಡಳಿತ ಪ್ರದೇಶದ ಭಾಗ.

ಪಂಚಾಂಗ ನೋಡಿ ಉಬ್ಬರ ಎಣಿಸುವುದು

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದು ಬೆಳಿಗ್ಗೆ 10ಕ್ಕೆ ನೀರು ತುಂಬಿದ್ದರೆ ನಾಳೆ ತುಂಬುವುದು 10.50ರ ಸುಮಾರಿಗೆ, ನಾಡಿದ್ದು 11.40ಕ್ಕೆ. ಚಂದ್ರ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಮೂಡುವುದೇ ಇದಕ್ಕೆ ಕಾರಣ. ಪೂರ್ತಿ ತುಂಬಿದ ಮೇಲೆ ಪೂರ್ತಿ ಇಳಿಯಲು ಆರು ಗಂಟೆಗೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ನೀರು ಅತಿ ಎತ್ತರಕ್ಕೆ ಏರಿ ಅತಿ ಕೆಳಕ್ಕೆ ಇಳಿಯುತ್ತದೆ. ಇದರ ಜೋರು ತಿಥಿಯ ದಿನಕ್ಕಿಂತ ಒಂದೆರಡು ದಿನ ತಡವಾಗಿ ಕಾಣುವುದೇ ಹೆಚ್ಚು. ಅಷ್ಟಮಿಯ ಆಸುಪಾಸು ಏರಿಳಿತ ತೀರ ಸಣ್ಣದು. ಈಜು ಬಾರದವರು, ಚಿಕ್ಕ ಮಕ್ಕಳಿರುವವರು ಅಷ್ಟಮಿಯ ಹಿಂದುಮುಂದಿನ ದಿನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಸೆಳೆತ ಕಡಿಮೆ. ಗಂಗೇಶ್ವರದಲ್ಲಿ ಅಲೆಗಳು ಲಿಂಗಗಳನ್ನು ತೊಳೆಯುವುದನ್ನು ನೋಡಲೇಬೇಕೆಂಬ ಆಸೆಯಿದ್ದರೆ ಹುಣ್ಣಿಮೆ, ಅಮಾವಾಸ್ಯೆ ಚೆನ್ನ. ಎರಡೂ ಒಂದೇ ದಿನ ಸಿಗುವುದಿಲ್ಲ. ಯಾವುದು ಬೇಕೆಂದು ಮನೆಯಲ್ಲೇ ತೀರ್ಮಾನಿಸಿ ದಿನ ಗೊತ್ತುಮಾಡಿ.

ದೀಪಾವಳಿ ಅಮಾವಾಸ್ಯೆಯಂದೇ ಬರುವುದರಿಂದ ಹಬ್ಬದ ಮರುದಿನ ಹೊರಡುವವರಿಗೆ ಸಿಗುವುದು ದೊಡ್ಡ ಉಬ್ಬರದ ದಿನಗಳು. ಜನಸಂದಣಿ ವಿಪರೀತ, ಕೋಣೆಗಳ ಬಾಡಿಗೆ ದುಬಾರಿ, ನೀರಿನ ಸೆಳೆತವೂ ಜಾಸ್ತಿ. ಒಂದು ವಾರ ತಡೆದು ಶುಕ್ಲ ಅಷ್ಟಮಿಯ ಹೊತ್ತಿಗೆ ಹೊರಟರೆ ಮೂರರಲ್ಲೂ ಹಗುರ. ರಜೆ ಉದ್ದವಿರುವ ವಜ್ರದ ಕೆಲಸಗಾರರಿಗೆ ಇದು ಸುಲಭ. ಉಳಿದವರಿಗೆ ಡಿಸೆಂಬರ್, ಜನವರಿಯ ಯಾವುದಾದರೂ ವಾರಾಂತ್ಯ ಇದಕ್ಕಿಂತ ಚೆನ್ನ.

ಪಂಚಾಂಗದಿಂದ ತಿಳಿಯುವುದು ಏರಿಳಿತದ ಗಾತ್ರ. ಖಚಿತ ಗಂಟೆಗೆ ಹೈದರಾಬಾದಿನ ಇನ್ಕೋಯಿಸ್ ಸಂಸ್ಥೆಯ ಮುನ್ಸೂಚನೆ ನೋಡಿ. ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಅದೇ ಸಂಸ್ಥೆ ಕೊಡುತ್ತದೆ. ಅದೂ ಬೇಡವೆಂದರೆ ದಿಯು ತಲುಪಿದ ಕೂಡಲೇ ಜೆಟ್ಟಿಯ ದೋಣಿಯವರನ್ನು ಕೇಳಿ: ‘ಭರತಿ ಕ್ಯಾರೆ ಛೆ?’ ಎಂದರೆ ಉಬ್ಬರ ಎಷ್ಟು ಹೊತ್ತಿಗೆ ಎಂದು. ‘ಓಟ್’ ಎಂದರೆ ಇಳಿತ. ಒಂದು ದಿನದ ಗಂಟೆ ಸಿಕ್ಕರೆ ಸಾಕು, ಮುಂದಿನ ದಿನಕ್ಕೆ 50 ನಿಮಿಷ ಸೇರಿಸುತ್ತ ಹೋಗಿ.

ತಲುಪುವುದು ಹೇಗೆ

ಉಧ್ನಾದಿಂದ ವಡೋದರಾ ಸುತ್ತಿ ಭಾವನಗರದ ಮೂಲಕ ದಿಯುಗೆ ರಸ್ತೆಯಲ್ಲಿ ಹೋದರೆ ಐನೂರು ಕಿಲೋಮೀಟರಿಗೂ ಹೆಚ್ಚು. ಕೊಲ್ಲಿಯನ್ನು ಪೂರ್ತಿ ಬಳಸಿ ಹೋಗಬೇಕು. ಇದನ್ನು ತಪ್ಪಿಸುವುದು ಹಜೀರಾ–ಘೋಘಾ ಹಡಗು. 2020ರ ನವೆಂಬರ್ 8ರಂದು ಶುರುವಾದ ಈ ಸೇವೆ ಸುಮಾರು 370 ಕಿಲೋಮೀಟರ್ ರಸ್ತೆಯನ್ನು 90 ಕಿಲೋಮೀಟರ್ ಜಲಮಾರ್ಗಕ್ಕೆ ಇಳಿಸಿತು. ಕಾರು, ಬೈಕು, ಲಾರಿ ಎಲ್ಲವನ್ನೂ ಹತ್ತಿಸಬಹುದು. ದಾಟಲು ನಾಲ್ಕು ಗಂಟೆಯ ಆಸುಪಾಸು.

ಇದಕ್ಕೂ ಉಬ್ಬರದ ನಂಟಿದೆ. 2017ರಲ್ಲಿ ಮೊದಲು ಆರಂಭವಾದದ್ದು ಘೋಘಾ–ದಹೇಜ್ ಸೇವೆ. ದಹೇಜ್ ಬಳಿ ನರ್ಮದೆಯ ಹೂಳು ಮತ್ತೆ ಮತ್ತೆ ತುಂಬಿ ಹಡಗಿಗೆ ಬೇಕಾದ ಆಳ ಉಳಿಯಲಿಲ್ಲ, ಸೇವೆ ನಿಂತಿತು. ಹೊಸ ಸೇವೆ ಹಜೀರಾಕ್ಕೆ ಬಂದು ಸೂರತ್ತಿನವರ ಪಾಲಿಗೆ ಅನುಕೂಲವಾಯಿತು. ಹವಾಮಾನ ಕೆಟ್ಟಾಗ, ಹಡಗಿನ ದುರಸ್ತಿಯ ವೇಳೆ ಸೇವೆ ರದ್ದಾಗುವುದುಂಟು. ಹಿಂದಿನ ದಿನ ಖಚಿತಪಡಿಸಿಕೊಳ್ಳದೆ ಹಜೀರಾದ ದಾರಿ ಹಿಡಿಯಬೇಡಿ.

ಘೋಘಾದಿಂದ ಮುಂದೆ ತಳಾಜಾ, ಮಹುವಾ, ರಾಜುಲಾ, ಊನಾ ಮೂಲಕ ಹತ್ತಿರಹತ್ತಿರ 200 ಕಿಲೋಮೀಟರ್. ಊನಾ ದಾಟಿದ ಮೇಲೆ ಸೇತುವೆ, ಅದರಾಚೆ ದ್ವೀಪ. ರೈಲಿನಲ್ಲಿ ಹೋಗುವವರು ವೇರಾವಲ್‌ನಲ್ಲಿ ಇಳಿದು ಬಸ್ಸು, ಟ್ಯಾಕ್ಸಿ ಹಿಡಿಯಬಹುದು; ಅಲ್ಲಿಂದ ದಿಯು ಸುಮಾರು 90 ಕಿಲೋಮೀಟರ್. ಸೂರತ್ತಿನಿಂದ ಹೊರಡುವ ಖಾಸಗಿ ಸ್ಲೀಪರ್ ಬಸ್ಸುಗಳೂ ಇವೆ. ವಯಸ್ಸಾದವರು ಜೊತೆಗಿದ್ದರೆ ಒಂದೇ ಓಟದಲ್ಲಿ ರಸ್ತೆ ಪ್ರಯಾಣ ಮಾಡದೆ ಹಡಗಿನ ದಾರಿ ಹಿಡಿಯುವುದೇ ಮೇಲು. ಕಾಲು ಚಾಚಿ ಓಡಾಡಬಹುದು, ಶೌಚಾಲಯದ ಚಿಂತೆ ಇಲ್ಲ.

ಎರಡು ದಿನದ ಕ್ರಮ

ಕೆಳಗಿನ ಕ್ರಮ ಬೆಳಿಗ್ಗೆ ಇಳಿತ, ಮಧ್ಯಾಹ್ನದ ನಂತರ ಉಬ್ಬರ ಇರುವ ದಿನಗಳಿಗೆ ಹೊಂದುತ್ತದೆ. ನಿಮ್ಮ ದಿನದ ಲೆಕ್ಕ ಬೇರೆ ಇದ್ದರೆ 3, 4 ಮತ್ತು 6ನೇ ಅಂಶಗಳನ್ನು ಮಾತ್ರ ಹಿಂದುಮುಂದು ಮಾಡಿ.

1. ಮೊದಲ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕೋಟೆಗೆ ಹೋಗಿ. ಕೋಟೆ ದ್ವೀಪದ ಪೂರ್ವ ತುದಿಯಲ್ಲಿದೆ, ಮೂರು ಕಡೆ ಸಮುದ್ರ. ಒಳಗೆ ನೆರಳು ಬಹಳ ಕಡಿಮೆ. ಹತ್ತು ಗಂಟೆಯ ನಂತರ ಕಲ್ಲು ಕಾಯುತ್ತದೆ, ಸುಣ್ಣಕಲ್ಲಿನಿಂದ ಪ್ರತಿಫಲಿಸುವ ಬೆಳಕು ಕಣ್ಣು ಕುಕ್ಕುತ್ತದೆ. ಬಾಗಿಲ ಬಳಿಯ ಪೋರ್ಚುಗೀಸ್ ಶಾಸನಗಳನ್ನು, ನೆಲದ ಕಡೆ ಬಂಡೆ ಕೊರೆದು ಮಾಡಿದ ಕಂದಕಗಳನ್ನು ಮೊದಲು ನೋಡಿ. ಹೊರಗಿನ ಕಂದಕಕ್ಕೆ ಕಡಲ ನೀರೇ ಬರುವಂತೆ ಮಾಡಲಾಗಿತ್ತು. ಉಬ್ಬರವನ್ನೇ ಕಾವಲಿಗೆ ನಿಲ್ಲಿಸಿದ ಜಾಣತನ ಅದು. ಆಮೇಲೆ ಬುರುಜುಗಳು, ಕಂಚಿನ ಫಿರಂಗಿಗಳು, ದೀಪಸ್ತಂಭ. ಒಂದೂವರೆ ಎರಡು ಗಂಟೆ ಬೇಕು.

2. ಕೋಟೆಯಿಂದ ಇಳಿದು ಊರೊಳಗೆ ನಡೆಯಿರಿ. 17ನೇ ಶತಮಾನದ ಆರಂಭದಲ್ಲಿ ಕಟ್ಟಿದ ಸೇಂಟ್ ಪಾಲ್ ಚರ್ಚಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಬಿಸಿಲು ಏರಿದ ಹೊತ್ತಿಗೆ ತಂಪು ಸಿಗುವ ಜಾಗವೂ ಅದೇ. ಪೂಜೆಯ ವೇಳೆಯಲ್ಲಿ ಒಳಗೆ ಓಡಾಡಬೇಡಿ, ಫೋಟೊ ತೆಗೆಯಬೇಡಿ. ಹತ್ತಿರದ ಸೇಂಟ್ ಥಾಮಸ್ ಚರ್ಚು ಈಗ ವಸ್ತುಸಂಗ್ರಹಾಲಯ.

3. ಪಾನಿಕೋಠಾ ನೋಡಬೇಕಿದ್ದರೆ ಜೆಟ್ಟಿಯಲ್ಲಿ ದೋಣಿ ವಿಚಾರಿಸಿ. ಖಾರಿಯ ಬಾಯಲ್ಲಿ, ನೀರಿನ ನಡುವೆ ಹಡಗಿನ ಆಕಾರದಲ್ಲಿ ನಿಂತ ಪುಟ್ಟ ಕೋಟೆ ಅದು. ದೋಣಿಗಳು ಸುತ್ತು ಹಾಕಿಸಿ ತರುತ್ತವೆ. ನೀರು ತೀರ ಕಡಿಮೆಯಾದಾಗ, ಗಾಳಿ ಜೋರಾದಾಗ ಬಿಡುವುದಿಲ್ಲ. ಲೈಫ್ ಜಾಕೆಟ್ ಕೊಡದ ದೋಣಿಗೆ ಹತ್ತಬೇಡಿ.

4. ಸಂಜೆಗೆ ನಾಗೋವಾ. ಊರಿನಿಂದ ಏಳೆಂಟು ಕಿಲೋಮೀಟರ್. ಕುದುರೆ ಲಾಳದ ಆಕಾರದ ಈ ದಂಡೆಯಲ್ಲಿ ನೀರು ಏರುತ್ತಿರುವಾಗ, ಅಂದರೆ ಉಬ್ಬರಕ್ಕೆ ಎರಡು ಮೂರು ಗಂಟೆ ಮುಂಚೆ ಇಳಿದರೆ ಹಿತ. ನೀರು ದಡದ ಕಡೆಗೇ ತಳ್ಳುತ್ತಿರುತ್ತದೆ. ಇಳಿತ ಶುರುವಾದ ಮೇಲೆ ಮಕ್ಕಳನ್ನು ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ. ದಂಡೆಯ ಮರಗಳನ್ನೂ ಗಮನಿಸಿ. ಸಾಮಾನ್ಯ ತಾಳೆ ಕವಲೊಡೆಯುವುದಿಲ್ಲ. ಇಲ್ಲಿನ ಹೋಕಾ ತಾಳೆ ಕವಲೊಡೆದು ಎರಡಾಗಿ, ನಾಲ್ಕಾಗಿ ನಿಲ್ಲುತ್ತದೆ.

5. ಎರಡನೇ ದಿನ ಬೆಳಿಗ್ಗೆ ನಾಯ್ಡಾ ಗುಹೆಗಳು. ಜಾಂಪಾ ಬಾಗಿಲಿನ ಹೊರಗೆ, ಹಳೆಯ ಪಟ್ಟಣದ ಗೋಡೆಗೆ ಹತ್ತಿರ. ಇವು ಕಟ್ಟಡದ ಕಲ್ಲಿಗಾಗಿ ಬಗೆದು ಉಳಿದ ಖಾಲಿ ಜಾಗ ಎನ್ನುತ್ತಾರೆ. ಗೋಡೆಗಳಲ್ಲಿ ಚೌಕಚೌಕವಾಗಿ ಕಡಿದ ಗುರುತು ಸ್ಪಷ್ಟವಾಗಿದೆ. ಕೋಟೆಯನ್ನು ನಿನ್ನೆ ನೋಡಿದ್ದರೆ ಈ ಗುರುತುಗಳ ಅರ್ಥ ತಾನಾಗಿ ತಿಳಿಯುತ್ತದೆ. ಆದ್ದರಿಂದಲೇ ಕೋಟೆ ಮೊದಲು, ಗುಹೆ ಆಮೇಲೆ. ಮೇಲಿನ ಕಿಂಡಿಗಳಿಂದ ಬಿಸಿಲು ಬೀಳುವ ಹೊತ್ತಿಗೆ, ಸುಮಾರು ಹತ್ತು ಹನ್ನೊಂದಕ್ಕೆ, ಹೋದರೆ ಒಳಗೆ ಬೆಳಕೂ ಚೆನ್ನ, ಹೆಜ್ಜೆಯೂ ಕಾಣುತ್ತದೆ.

6. ಫುದಮ್ ಹಳ್ಳಿಯ ಗಂಗೇಶ್ವರಕ್ಕೆ ಉಬ್ಬರದ ಹೊತ್ತಿಗೆ ಸರಿಯಾಗಿ ಹೋಗಿ. ಬಂಡೆಯ ಸಂದಿನಲ್ಲಿ ಐದು ಲಿಂಗಗಳು. ಪಾಂಡವರು ಸ್ಥಾಪಿಸಿದ್ದೆಂಬ ನಂಬಿಕೆ. ಅಲೆ ಬಂದು ಲಿಂಗಗಳನ್ನು ಮುಳುಗಿಸಿ ಹೋಗುತ್ತದೆ. ನೋಡಬೇಕಾದದ್ದು ಮೆಟ್ಟಿಲ ಮೇಲಿನಿಂದ.

7. ಮರಳುವ ಮುನ್ನ ಚಕ್ರತೀರ್ಥದ ಬಳಿಯ ಖುಕ್ರಿ ಸ್ಮಾರಕ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ದಾಳಿಗೆ ಐಎನ್‌ಎಸ್ ಖುಕ್ರಿ ದಿಯು ಕರಾವಳಿಯಾಚೆ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳೆದುಕೊಂಡರು. ಅದೇ ಹೆಸರಿನ ಎರಡನೇ ಹಡಗು ಸೇವೆಯಿಂದ ನಿವೃತ್ತವಾದ ಮೇಲೆ 2022ರ ಜನವರಿಯಲ್ಲಿ ದಿಯು ಆಡಳಿತದ ವಶಕ್ಕೆ ಬಂದಿದೆ. ಮಕ್ಕಳಿಗೆ ಈ ಕಥೆಯನ್ನು ಅಲ್ಲೇ, ಕಡಲಿಗೆ ಎದುರಾಗಿ ನಿಂತು ಹೇಳಿ.

ಸಮಯ ಉಳಿದರೆ ಸೇತುವೆಯಾಚೆಯ ಘೋಘ್ಲಾ. ಅದು ದ್ವೀಪದ ಮೇಲಿಲ್ಲ, ಮುಖ್ಯಭೂಮಿಯ ಅಂಚಿನಲ್ಲಿದೆ. ಜಿಲ್ಲೆ ಮಾತ್ರ ದಿಯು. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಆ ಪಟ್ಟಿಯಲ್ಲಿ ಘೋಘ್ಲಾದ ಜೊತೆ ನಮ್ಮ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಇದ್ದವು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಜೀವರಕ್ಷಕರು ಈ ಮಾನ್ಯತೆಯ ಷರತ್ತುಗಳು. ಹೆಂಗಸರು, ಮಕ್ಕಳು ಹೆಚ್ಚಿರುವ ಗುಂಪಿಗೆ ನಾಗೋವಾಕ್ಕಿಂತ ಘೋಘ್ಲಾ ಅನುಕೂಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡ ತಪ್ಪು, ಎರಡು ದಿನದ ರಜೆಯಲ್ಲಿ ಸೋಮನಾಥ, ಸಾಸಣ್ ಗೀರ್, ದಿಯು ಮೂರನ್ನೂ ತುರುಕುವುದು. ಭೂಪಟದಲ್ಲಿ ಹತ್ತಿರ ಕಾಣುತ್ತವೆ ನಿಜ. ಆದರೆ ಗೀರ್ ಸಫಾರಿಗೆ ಬೆಳಗಿನ ಜಾವದ ಹೊತ್ತು ಬೇಕು, ಮುಂಗಡ ಪರವಾನಗಿ ಬೇಕು. ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಕಾಡು ಮುಚ್ಚಿರುತ್ತದೆ. ನಾಲ್ಕು ದಿನ ಇದ್ದರೆ ಮಾತ್ರ ಮೂರನ್ನೂ ಸೇರಿಸಿ. ಎರಡೇ ದಿನವಾದರೆ ದಿಯು ಒಂದೇ ಸಾಕು.

ಎರಡನೆಯದು ಮದ್ಯ. ಗುಜರಾತಿನಲ್ಲಿ ಪಾನನಿಷೇಧ ಇದೆ, ದಿಯುವಿನಲ್ಲಿ ಇಲ್ಲ. ಒಂದು ಬಾಟಲಿ ತಾನೇ ಎಂದು ಚೀಲದಲ್ಲಿಟ್ಟುಕೊಂಡು ಚೆಕ್‌ಪೋಸ್ಟ್ ದಾಟುವುದು ಅಪರಾಧ. ತಪಾಸಣೆಯಲ್ಲಿ ಸಿಕ್ಕಿದರೆ ವಾಹನವೂ ಜಪ್ತಿಯಾಗಬಹುದು. ಕುಡಿದ ಸ್ಥಿತಿಯಲ್ಲಿ ಗಡಿ ದಾಟಿದರೂ ಕೇಸು ಬೀಳುತ್ತದೆ. ಗುಂಪಿನಲ್ಲಿ ಹೋಗುವವರು ಜೊತೆಗಾರರ ಚೀಲದಲ್ಲಿ ಏನಿದೆ ಎಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಒಬ್ಬರ ಆಸೆ ಇಡೀ ಬಂಡಿಯವರನ್ನು ಠಾಣೆಯಲ್ಲಿ ಕೂರಿಸುತ್ತದೆ.

ಬಾಡಿಗೆ ಸ್ಕೂಟರು ಇಲ್ಲಿ ಓಡಾಟಕ್ಕೆ ಬಹಳ ಅನುಕೂಲ. ಪಡೆಯುವ ಮುಂಚೆ ಬ್ರೇಕು, ದೀಪ ನೋಡಿ. ಹಳೆಯ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಪರವಾನಗಿ ಇಲ್ಲದ ಹುಡುಗರ ಕೈಗೆ ಕೊಡಬೇಡಿ.

ಇನ್ನೊಂದು, ಮಳೆಗಾಲದ ಪ್ಯಾಕೇಜು ಅಗ್ಗವೆಂದು ಬುಕ್ ಮಾಡುವುದು. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ನೀರಿಗಿಳಿಯಲು ಜಿಲ್ಲಾಡಳಿತ ನಿಷೇಧ ಹೇರುವುದು ವಾಡಿಕೆ. ಕೋಟೆ ನೋಡಲು, ಅಲೆ ನೋಡಲು ಮಳೆಗಾಲ ಸೊಗಸೇ. ಮಕ್ಕಳಿಗೆ ಈಜಿಸುತ್ತೇನೆಂದು ಮಾತು ಕೊಟ್ಟು ಕರೆದೊಯ್ಯಬೇಡಿ ಅಷ್ಟೆ.

ನೀರಿನಲ್ಲಿ ಎಚ್ಚರ

ಕಡಲಲ್ಲಿ ಮುಳುಗಿದವರ ಸುದ್ದಿ ಓದುವಾಗ ದೊಡ್ಡ ಅಲೆ ಎಳೆದೊಯ್ಯಿತು ಎಂದು ನಾವು ಊಹಿಸುತ್ತೇವೆ. ಅಪಾಯ ಹೆಚ್ಚಾಗಿರುವುದು ಅಲೆ ಇಲ್ಲದಂತೆ ಕಾಣುವ ಜಾಗದಲ್ಲಿ. ದಡಕ್ಕೆ ಬಡಿದ ಅಲೆಗಳ ನೀರೆಲ್ಲ ಹಿಂದಿರುಗಲೇಬೇಕು. ಮರಳಿನ ದಿಬ್ಬಗಳ ನಡುವೆ ಆಳವಾದ ಕಾಲುವೆ ಸಿಕ್ಕರೆ ಅದೆಲ್ಲ ಆ ದಾರಿಯಲ್ಲಿ ರಭಸದಿಂದ ಹೊರಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ; ನೀರು ಶಾಂತವಾಗಿ, ಸ್ವಲ್ಪ ಕಲಕಿದಂತೆ ಕಾಣುತ್ತದೆ. ಅಲೆಗೆ ಅಂಜುವವರು ಶಾಂತ ಜಾಗವೆಂದು ಅಲ್ಲಿಗೇ ಹೋಗುತ್ತಾರೆ.

ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜಬೇಡಿ. ಒಳ್ಳೆಯ ಈಜುಗಾರರೂ ಸೋಲುವುದು ಹಾಗೆಯೇ. ಈ ಸೆಳೆತ ಕಿರಿದು. ದಡಕ್ಕೆ ಸಮಾಂತರವಾಗಿ ಎಡಕ್ಕೋ ಬಲಕ್ಕೋ ಸ್ವಲ್ಪ ದೂರ ಈಜಿದರೆ ಹೊರಬೀಳುತ್ತೀರಿ, ಆಮೇಲೆ ಅಲೆಯೇ ದಡಕ್ಕೆ ತರುತ್ತದೆ. ಈಜು ಬಾರದವರು ಅಂಗಾತ ತೇಲುತ್ತ ಕೈ ಎತ್ತಿ ಕರೆಯಬೇಕು. ಸೆಳೆತ ನಿಮ್ಮನ್ನು ಹೊರಕ್ಕೆ ಒಯ್ಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ಇದನ್ನು ನೀರಿಗಿಳಿಯುವ ಮುಂಚೆಯೇ ಮಕ್ಕಳಿಗೆ ಕೈಸನ್ನೆ ಸಮೇತ ಹೇಳಿಕೊಡಿ. ಮುಳುಗುತ್ತಿರುವವರನ್ನು ಕಂಡು ಒಬ್ಬರ ಹಿಂದೊಬ್ಬರು ನೀರಿಗೆ ಹಾರುವುದು ಇನ್ನೂ ದೊಡ್ಡ ಅನಾಹುತ. ತೇಲುವ ಯಾವುದನ್ನಾದರೂ, ಮುಚ್ಚಿದ ಖಾಲಿ ನೀರಿನ ಕ್ಯಾನ್ ಆದರೂ ಸರಿ, ಎಸೆದು ಜೀವರಕ್ಷಕರನ್ನು ಕೂಗಿ.

ಸೀರೆ ಉಟ್ಟು, ದುಪಟ್ಟಾ ಹೊದ್ದು ಆಳಕ್ಕೆ ಹೋಗಬೇಡಿ; ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಊಟವಾದ ಕೂಡಲೇ, ಕುಡಿದು, ಕತ್ತಲಾದ ಮೇಲೆ ಇಳಿಯುವುದು ಬೇಡ. ಜಾಲಂಧರ್, ಚಕ್ರತೀರ್ಥಗಳಲ್ಲಿ ಬಂಡೆಗಳಿವೆ; ಅವು ಕೂತು ನೋಡುವ ದಂಡೆಗಳು, ಈಜುವ ದಂಡೆಗಳಲ್ಲ. ತುರ್ತಿಗೆ 112, ಕಡಲಿನ ಅವಘಡಕ್ಕೆ ಕರಾವಳಿ ರಕ್ಷಣಾ ಪಡೆಯ 1554.

ಅವಶೇಷಗಳಲ್ಲಿ ಎಚ್ಚರ

ದಿಯುವಿನ ಕಲ್ಲು ಮೆತ್ತನೆಯ ಸುಣ್ಣಕಲ್ಲು. ಕಡಲಗಾಳಿ ತರುವ ಉಪ್ಪುನೀರು ಅದರ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ, ಬಿಸಿಲಿಗೆ ಒಣಗಿ ಹರಳಾಗುತ್ತದೆ, ಹರಳು ಬೆಳೆದು ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಮೇಲೆ ಗಟ್ಟಿ ಕಾಣುವ ಅಂಚು ಒಳಗೆ ಪುಡಿಯಾಗಿರುವುದು ಹೀಗೆ. ಬುರುಜಿನ ತುದಿಯಲ್ಲಿ ಕೂತು, ಫಿರಂಗಿ ಏರಿ ಸೆಲ್ಫಿ ತೆಗೆಯುವುದು ಈ ಕಾರಣಕ್ಕೆ ಜೀವಕ್ಕೆ ಸಂಚಕಾರ. ಕೋಟೆಯ ಸಮುದ್ರದ ಕಡೆ ಹಲವೆಡೆ ತಡೆಗೋಡೆ ಇಲ್ಲ. ಮಕ್ಕಳ ಕೈ ಹಿಡಿದೇ ನಡೆಯಿರಿ. ಜಾರದ ಅಟ್ಟೆಯ ಚಪ್ಪಲಿ ಬೇಕು. ಗಂಗೇಶ್ವರದ ಪಾಚಿ ಹಿಡಿದ ಮೆಟ್ಟಿಲುಗಳಿಗಂತೂ ಇದು ಕಡ್ಡಾಯ.

ಗೋಡೆಯ ಮೇಲೆ ಹೆಸರು ಕೆತ್ತುವ ಚಾಳಿಯ ಬಗ್ಗೆ ಒಂದು ಮಾತು. ರಾಷ್ಟ್ರೀಯ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಒತ್ತಟ್ಟಿಗಿರಲಿ, ಕೆತ್ತಿದ ಗೀರಿನಲ್ಲಿ ಉಪ್ಪು ಇನ್ನೂ ಬೇಗ ಕೂರುತ್ತದೆ. ತುರ್ಕರ ಫಿರಂಗಿಗಳನ್ನು ತಾಳಿಕೊಂಡ ಗೋಡೆ ನಮ್ಮ ಕೈಯ ಕೀಲಿಗೊಂಚಲಿಗೆ ಸವೆಯುವುದು ನಾಚಿಕೆಯ ಸಂಗತಿ.

ತಲಾ ಎರಡು ಲೀಟರ್ ನೀರು, ಟೋಪಿ, ಓಆರ್‌ಎಸ್ ಪುಡಿ, ನಾಯ್ಡಾಕ್ಕೆ ಒಂದು ಟಾರ್ಚು, ಒದ್ದೆ ಬಟ್ಟೆಗೆ ಬೇರೆ ಚೀಲ ಇಷ್ಟಿದ್ದರೆ ಸಾಮಾನು ಮುಗಿಯಿತು.

ಎರಡು ದಿನ ಸಿಗದವರಿಗೆ

ಒಂದೇ ಭಾನುವಾರ ರಜೆ ಇರುವವರಿಗೆ ದಮನ್ ಇದೆ. ಅದು ದ್ವೀಪವಲ್ಲ, ಆದರೆ ಮೋಟಿ ದಮನ್, ನಾನಿ ದಮನ್ ಎಂಬ ಎರಡು ಕೋಟೆಗಳು ನದಿಯ ಎರಡು ದಡದಲ್ಲಿ ಎದುರುಬದುರಾಗಿವೆ. ಉಧ್ನಾದಿಂದ ವಾಪಿಗೆ ರೈಲು, ಅಲ್ಲಿಂದ ಹನ್ನೆರಡು ಕಿಲೋಮೀಟರಿನಷ್ಟು ಆಟೋ ದಾರಿ. ದೇವ್ಕಾ ದಂಡೆಯಲ್ಲಿ ಇಳಿತದ ವೇಳೆ ಬಂಡೆಗಳು ಮೇಲೇಳುತ್ತವೆ. ನೀರಿಗಿಳಿಯುವ ಆಸೆಯಿದ್ದರೆ ಜಂಪೋರ್ ವಾಸಿ, ಅದೂ ಉಬ್ಬರದ ಹೊತ್ತಿಗೆ. ಕೊಲ್ಲಿಗೆ ಹತ್ತಿರವಾದ್ದರಿಂದ ದಮನ್ ನೀರು ದಿಯುವಿನಷ್ಟು ತಿಳಿಯಿಲ್ಲ.

ಬೇಸಿಗೆಯಲ್ಲಿ ಉಧ್ನಾ–ಮಂಗಳೂರು ವಿಶೇಷ ರೈಲು ಹಿಡಿದು ಊರಿಗೆ ಹೋಗುವವರು ಇದೇ ಲೆಕ್ಕವನ್ನು ಅಲ್ಲಿಯೂ ಬಳಸಬಹುದು. ಹೊನ್ನಾವರದ ಕಾಸರಕೋಡು ದಂಡೆಯಿಂದ ಬಹಳ ದೂರವಿಲ್ಲದ ಬಸವರಾಜ ದುರ್ಗ ನಮ್ಮದೇ ದ್ವೀಪಕೋಟೆ, ಕೆಳದಿ ಅರಸರ ಕಾಲದ್ದು. ಅಲ್ಲಿಗೆ ಹೋಗುವ ಮುನ್ನ ಸ್ಥಳೀಯ ಮೀನುಗಾರರನ್ನು, ಹವಾಮಾನವನ್ನು ವಿಚಾರಿಸಿಕೊಳ್ಳಿ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಗಳು ಮೇ ತಿಂಗಳ ನಡುವೆ ನಿಂತು ಮತ್ತೆ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್‌ನಲ್ಲೇ ಟಿಕೆಟ್ ಮಾಡಿಸಿ.